ತೂಕ ನೋಡಿದ್ರೆ ಸಾಲ್ದು, ಮಗು ತೋಳು ಅಳೀರಿ

ನಮಸ್ಕಾರ ಎಲ್ರಿಗೂ. ಇವತ್ತು ಸ್ವಲ್ಪ ಗರಂ ಆಗೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡಿ.

ಕ್ಯಾನ್ಸರ್ ಅಂತ ಮಗೂನ ಅಡ್ಮಿಟ್ ಮಾಡಿದ್ರೆ ಬ್ಲಡ್ ಟೆಸ್ಟು, ಬೋನ್ ಮ್ಯಾರೋ, ಸ್ಕ್ಯಾನು ಎಲ್ಲಾ ಆಗುತ್ತೆ, ಆಗ್ಲೇಬೇಕು. ಆದ್ರೆ ಈ ಮಗು ಮೈಯಲ್ಲಿ ಕಸುವು ಎಷ್ಟಿದೆ ಅಂತ ನೋಡೋಕೆ? ಎಷ್ಟೋ ಕಡೆ ಮಿಷಿನ್ ಮೇಲೆ ನಿಲ್ಸಿ, ಕೀಮೋ ಡೋಸ್ ಲೆಕ್ಕಕ್ಕೆ ತೂಕ ಬರ್ಕೊಂಡ್ರೆ ಮುಗೀತು.

ನನ್ನ ತಕರಾರು ಇರೋದೇ ಇಲ್ಲಿ. ವಿಲ್ಮ್ಸ್ ಟ್ಯೂಮರ್ ಅಂತ ಕಿಡ್ನಿಲಿ ಬರೋ ಗಡ್ಡೆ ಇದೆ, ಹೊಟ್ಟೆ ತುಂಬಾ ಬೆಳೆದಿರುತ್ತೆ, ಆ ಗಡ್ಡೆ ತೂಕಾನೂ ಮಗು ತೂಕಕ್ಕೇ ಸೇರ್ಕೊಳ್ಳುತ್ತೆ. ಇನ್ನು ಲ್ಯುಕೇಮಿಯಾ, ಅಂದ್ರೆ ರಕ್ತದ ಕ್ಯಾನ್ಸರ್ ಇರೋ ಮಕ್ಕಳಿಗೆ ಸ್ಟೀರಾಯ್ಡ್ ಶುರುವಾದ್ರೆ ಕೇಳಲೇಬೇಡಿ, ರಾತ್ರಿ ಎರಡು ಗಂಟೆಗೆ ಎದ್ದು ಚಿತ್ರಾನ್ನ ಕೊಡು ಅಂತ ಹಠ, ಮುಖ ಗುಂಡಗೆ, ಊರಿಂದ ನೋಡೋಕೆ ಬಂದ ಅಜ್ಜಿ "ಪರ್ವಾಗಿಲ್ವೇ, ಮೈ ಕೈ ತುಂಬ್ಕೊಂಡಿದಾನೆ" ಅಂತಾರೆ. ಕೈ ಹಿಡಿದು ನೋಡಿ, ಸ್ನಾಯು ಕರಗ್ತಾ ಇರುತ್ತೆ.

ಅದಕ್ಕೇ ತೋಳು ಅಳೀಬೇಕು. ಭುಜದ ಮೂಳೆ ತುದಿಗೂ ಮೊಣಕೈಗೂ ನಡುವೆ ಪೆನ್ನಲ್ಲಿ ಗುರುತು ಹಾಕಿ, ಕೈ ಸಡಿಲವಾಗಿ ಇಳಿಬಿಡಿಸಿ, ಟೇಪ್ ಸುತ್ತೋದು, ಬಿಗಿ ಮಾಡಂಗಿಲ್ಲ. ಒಂದು ನಿಮಿಷದ ಕೆಲ್ಸ. ನಮ್ಮ ಅಂಗನವಾಡಿ ಟೀಚರ್ ಹತ್ರ ಇರುತ್ತಲ್ಲ, ಕೆಂಪು-ಹಳದಿ-ಹಸಿರು ಪಟ್ಟಿ, ಅದೇ! ಆರು ತಿಂಗಳಿಂದ ಐದು ವರ್ಷದೊಳಗಿನ ಮಗುಗೆ 11.5 ಸೆಂಟಿಮೀಟರ್‌ಗಿಂತ ಕಮ್ಮಿ ಬಂದ್ರೆ ತೀವ್ರ ಅಪೌಷ್ಟಿಕತೆ. ದೊಡ್ಡ ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಚಾರ್ಟ್ ನೋಡ್ಬೇಕು.

ಒಂದ್ಸಲ ಅಳೆದು ಫೈಲಿಗೆ ಸೇರ್ಸಿದ್ರೂ ಪ್ರಯೋಜನ ಇಲ್ಲ ಬಿಡಿ. ಮೆಥೊಟ್ರೆಕ್ಸೇಟ್ ಅನ್ನೋ ಕೀಮೋ ಔಷಧಿ ಆದ್ಮೇಲೆ ಬಾಯೆಲ್ಲಾ ಹುಣ್ಣಾಗಿ ಗಂಜಿನೂ ಇಳಿಯಲ್ಲ, ವಿಂಕ್ರಿಸ್ಟಿನ್ ಅನ್ನೋ ಇನ್ನೊಂದು ಕೀಮೋ ಔಷಧಿ ಕೊಟ್ರೆ ಮಲಬದ್ಧತೆ, ಹಸಿವೇ ಸತ್ತೋಗುತ್ತೆ, ಅಂದ್ರೆ ಹೋದ ತಿಂಗಳು ಚೆನ್ನಾಗಿದ್ದ ಮಗು ಈ ತಿಂಗಳು ಇಳಿದಿರುತ್ತೆ. ಸೊರಗಿದ ಮಗುಗೆ ಇನ್ಫೆಕ್ಷನ್ ಜಾಸ್ತಿ, ಕೀಮೋ ಮುಂದಕ್ಕೆ ಹೋಗುತ್ತೆ. ಅದ್ರ ಮೇಲೆ ವಾಟ್ಸಾಪ್ ಪಂಡಿತರು "ಹಾಲು ಸಕ್ಕರೆ ಕೊಟ್ರೆ ಕ್ಯಾನ್ಸರ್ ಬೆಳೆಯುತ್ತೆ" ಅಂತಾರೆ, ಮನೆಯವ್ರು ಹೆದರಿ ಇರೋ ಊಟಾನೂ ಕಿತ್ಕೋತಾರೆ. ಥೂ!

ಡಾಕ್ಟರ್‌ಗೆ ಟೈಮ್ ಇಲ್ಲ ಅಂತೀರಾ? ಒಪ್ತೀನಿ, ಆದ್ರೆ ಟೇಪ್ ಸುತ್ತೋಕೆ ಡಾಕ್ಟರೇ ಬೇಕಾ, ಟ್ರೈನಿಂಗ್ ಕೊಟ್ರೆ ನರ್ಸಮ್ಮ ಮಾಡ್ತಾರೆ. ಆಮೇಲೆ ಡಯಟೀಷಿಯನ್ ಬೇಕು. ಮುಂಬೈಯ ಕಡಲ್ಸ್ ಫೌಂಡೇಶನ್ ಅನ್ನೋ ಸಂಸ್ಥೆ ಸರ್ಕಾರಿ ಮತ್ತೆ ಚಾರಿಟಿ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಮಕ್ಕಳಿಗೆ ಅಂತಲೇ ನ್ಯೂಟ್ರಿಷನಿಸ್ಟ್‌ಗಳನ್ನ ಇಟ್ಟು ಕೆಲ್ಸ ಮಾಡ್ತಿದೆ, ದೊಡ್ಡ ಮಾತೇ. ಆದ್ರೆ ಬೀದರ್‌ನಿಂದ ಕೂಲಿ ಬಿಟ್ಟು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೋ ಅಪ್ಪ ಅಮ್ಮಂಗೆ ಬರೀ ಡಯಟ್ ಚೀಟಿ ಕೊಟ್ರೆ ಆ ಮೊಟ್ಟೆ ಹಾಲಿಗೆ ದುಡ್ಡು ಯಾರು ಕೊಡ್ತಾರೆ? ಅದೂ ಔಷಧಿ ಖರ್ಚೇ, ದಾನಿಗಳ ಮೇಲೆ ಹಾಕ್ಬೇಡಿ, ಸರ್ಕಾರ ಬಿಲ್ಲಲ್ಲಿ ಸೇರಿಸ್ಲಿ.

ಟ್ರೀಟ್‌ಮೆಂಟಲ್ಲಿರೋ ಮಕ್ಕಳ ಅಪ್ಪ ಅಮ್ಮ ಯಾರಾದ್ರೂ ಇದನ್ನ ನೋಡ್ತಿದ್ರೆ, ಮುಂದಿನ ವಿಸಿಟ್‌ನಲ್ಲಿ ಕೇಳಿ, ಮಗು ತೋಳಿನ ಅಳತೆ ಹೋದ ಸಲ ಎಷ್ಟಿತ್ತು, ಈಗ ಎಷ್ಟು ಅಂತ. ಬರ್ದಿಲ್ಲ ಅಂದ್ರೆ ಅಲ್ಲೇ ಅಳೆಸಿ ಬರ್ಸಿ.