ಸಬ್ಜೆಕ್ಟಿನ ಸಾಲವೋ, ವರ್ಷದ ಸಾಲವೋ?

ಮಂಡ್ಯದಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸ

ಎಲ್ಲರಿಗೂ ನಮಸ್ಕಾರ. ಶಿಕ್ಷಣ ಸಾಲ ಪಡೆಯುವುದು ಹೇಗೆ ಅಂತ ಮಾತಾಡಿ ಎಂದು ಪ್ರಾಂಶುಪಾಲರು ಹೇಳಿದ್ದರು. ಅರ್ಜಿ ಹಾಕುವುದನ್ನು ನಿಮ್ಮ ಮಕ್ಕಳು ಮೊಬೈಲಿನಲ್ಲೇ ಮಾಡಿ ಮುಗಿಸುತ್ತಾರೆ, ಅದಕ್ಕೆ ನಾನು ಬೇಕಿಲ್ಲ. ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತಿದ್ದಾಗ ಪೋಷಕರು ಒಂದು ಪ್ರಶ್ನೆ ಕೇಳುತ್ತಿದ್ದರು. ಅದರ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಪ್ರಶ್ನೆ ಹೀಗಿರುತ್ತಿತ್ತು: “ಸಾ, ನಮ್ ಹುಡ್ಗ ಕಂಪ್ಯೂಟ್ರು ಓದಕ್ಕೆ ಹೋಗವ್ನೆ. ಅಲ್ಲೂ ಕನ್ನಡ ಇಟ್ಟವ್ರಂತೆ, ಸಂವಿಧಾನ ಇಟ್ಟವ್ರಂತೆ, ಯೋಗ ಬೇರೆ. ಬ್ಯಾಡದ್ದಕ್ಕೆಲ್ಲ ನಾವ್ಯಾಕೆ ಸಾಲ ಮಾಡ್ಬೇಕು?”

ನಗುವ ಪ್ರಶ್ನೆ ಅಲ್ಲ ಇದು. ಬಡ್ಡಿ ಕಟ್ಟುವವನಿಗೆ ಪ್ರತಿ ರೂಪಾಯಿಯ ಲೆಕ್ಕ ಕೇಳುವ ಹಕ್ಕಿದೆ. ಅಮೆರಿಕದಲ್ಲಿ ಇದೇ ಪ್ರಶ್ನೆ ವರ್ಷಗಳಿಂದ ಚರ್ಚೆಯಲ್ಲಿದೆ. ಅಲ್ಲಿ ಸುಮಾರು 4.3 ಕೋಟಿ ಜನರ ತಲೆಯ ಮೇಲೆ ಸರ್ಕಾರದ ಶಿಕ್ಷಣ ಸಾಲ ಇದೆ. ಖಾಸಗಿ ಸಾಲವೂ ಸೇರಿದರೆ ಒಟ್ಟು ಮೊತ್ತ 1.7 ಲಕ್ಷ ಕೋಟಿ ಡಾಲರ್ ದಾಟುತ್ತದೆ. ನಮ್ಮ ಕೇಂದ್ರ ಸರ್ಕಾರದ 2025-26ರ ಬಜೆಟ್ಟೇ ಸುಮಾರು 50 ಲಕ್ಷ ಕೋಟಿ ರೂಪಾಯಿ. ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ ಸಾಲ, ಬರೀ ಓದಿದ್ದಕ್ಕೆ! ಎಂಜಿನಿಯರಿಂಗ್ ಓದುವವನಿಗೆ ಸಂಗೀತದ ಇತಿಹಾಸ ಯಾಕೆ, ಅಕೌಂಟ್ಸ್ ಓದುವವಳಿಗೆ ಖಗೋಳಶಾಸ್ತ್ರ ಯಾಕೆ, ಇವನ್ನೆಲ್ಲ ತೆಗೆದರೆ ಸಾಲ ಇಳಿಯುವುದಿಲ್ಲವೇ ಅಂತ ಅಲ್ಲಿಯ ತಂದೆ-ತಾಯಿಯರೂ ಕೇಳುತ್ತಾರೆ.

ಮೊದಲು ಅಲ್ಲಿಯ ವ್ಯವಸ್ಥೆ ನೋಡೋಣ. ಅಲ್ಲಿ ಬ್ಯಾಚುಲರ್ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಕ್ರೆಡಿಟ್ ಅಂದರೆ ಎಷ್ಟು ಓದಿದ್ದೀರಿ ಅಂತ ಅಳೆಯುವ ಲೆಕ್ಕ. ಒಂದು ಕೋರ್ಸಿಗೆ ಹೆಚ್ಚಾಗಿ 3 ಕ್ರೆಡಿಟ್. ಅಂದರೆ ನಾಲ್ಕು ವರ್ಷದಲ್ಲಿ ಸುಮಾರು 40 ಕೋರ್ಸು. ಇದರಲ್ಲಿ ಮೂರನೇ ಒಂದು ಭಾಗದಷ್ಟು ಎಲ್ಲರೂ ಓದಲೇಬೇಕಾದ ಸಾಮಾನ್ಯ ಶಿಕ್ಷಣ: ಬರವಣಿಗೆ, ಗಣಿತ, ವಿಜ್ಞಾನ, ಸಮಾಜ, ಕಲೆ ಇತ್ಯಾದಿ. ಉಳಿದದ್ದರಲ್ಲಿ ಒಂದಷ್ಟು ಮುಖ್ಯ ವಿಷಯ, ಒಂದಷ್ಟು ಎಲೆಕ್ಟಿವ್, ಅಂದರೆ ವಿದ್ಯಾರ್ಥಿಯೇ ಆರಿಸಿಕೊಳ್ಳುವ ವಿಷಯ. ಎಲೆಕ್ಟಿವ್ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದವರು ಹಾರ್ವರ್ಡ್‌ನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್. 1869ರಿಂದ 1909ರವರೆಗೆ, ನಲವತ್ತು ವರ್ಷ ಅವರು ಆ ಕುರ್ಚಿಯಲ್ಲಿದ್ದರು. ಎಲ್ಲರಿಗೂ ಒಂದೇ ಲ್ಯಾಟಿನ್, ಒಂದೇ ಗ್ರೀಕ್ ಅನ್ನುವುದನ್ನು ಬಿಟ್ಟು, ಹುಡುಗರು ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಲಿ ಅಂದರು.

ಸರ್ಕಾರದ ಶಿಕ್ಷಣ ಸಾಲ ಬಂದದ್ದು ಬಹಳ ಆಮೇಲೆ. 1957ರಲ್ಲಿ ರಷ್ಯದವರು ಸ್ಪುಟ್ನಿಕ್ ಉಪಗ್ರಹ ಹಾರಿಸಿದರು. ಅಮೆರಿಕ ಗಾಬರಿಬಿದ್ದು 1958ರಲ್ಲಿ ಕಾನೂನು ಮಾಡಿ ವಿದ್ಯಾರ್ಥಿಗಳಿಗೆ ಸಾಲ ಕೊಡಲು ಶುರು ಮಾಡಿತು. 1965ರ ಉನ್ನತ ಶಿಕ್ಷಣ ಕಾಯ್ದೆ ಅದನ್ನು ಇನ್ನೂ ಹಿಗ್ಗಿಸಿತು. ಎಲೆಕ್ಟಿವ್‌ಗಳು ಅಷ್ಟೊತ್ತಿಗಾಗಲೇ ಅಜ್ಜನ ಕಾಲದವು. ಹಾಗಾಗಿ ಸಾಲದ ಬೆಟ್ಟಕ್ಕೆ ಅವೇ ಮೂಲ ಅಂದರೆ ಲೆಕ್ಕ ಕೂಡುವುದಿಲ್ಲ.

ಹಾಗಂತ ಅವುಗಳ ಪಾತ್ರ ಏನೂ ಇಲ್ಲವಾ? ಇದೆ. ಒಂದು ಸಣ್ಣ ಲೆಕ್ಕ ಹಾಕಿ. ಅಲ್ಲಿ ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಂಡರೆ ಪೂರ್ಣಾವಧಿ ವಿದ್ಯಾರ್ಥಿ ಅಂತ ಲೆಕ್ಕ, ಸರ್ಕಾರದ ನೆರವು, ಸಾಲ ಎಲ್ಲ ಸಿಗುತ್ತದೆ. ಆದರೆ ವರ್ಷಕ್ಕೆ ಎರಡು ಸೆಮಿಸ್ಟರಿನಂತೆ 12 ಕ್ರೆಡಿಟ್ ಮಾಡುತ್ತಾ ಹೋದರೆ 120 ಮುಟ್ಟಲು ಐದು ವರ್ಷ ಬೇಕು. ನಾಲ್ಕು ವರ್ಷದಲ್ಲಿ ಮುಗಿಯಬೇಕಾದರೆ ಸೆಮಿಸ್ಟರಿಗೆ 15 ಮಾಡಬೇಕು. ನಿಯಮದ ಪ್ರಕಾರ ನಡೆದುಕೊಂಡವನೂ ಒಂದು ವರ್ಷ ತಡ! ಇದರ ಮೇಲೆ, ಬೇಕಾದ ಕೋರ್ಸಿನಲ್ಲಿ ಸೀಟು ಭರ್ತಿಯಾಗಿದೆ ಅಂದುಕೊಳ್ಳಿ. ಅದಿಲ್ಲದೆ ಮುಂದಿನ ಕೋರ್ಸಿಗೆ ಹೋಗುವಂತಿಲ್ಲ. ಹನ್ನೆರಡು ತುಂಬಿಸದಿದ್ದರೆ ನೆರವಿಗೆ ಕತ್ತರಿ. ಆಗ ಹುಡುಗ ಸುಮ್ನೆ ಯಾವುದೋ ಒಂದು ಎಲೆಕ್ಟಿವ್ ಹಾಕಿಕೊಳ್ಳುತ್ತಾನೆ. ಕಾಲೇಜು ಬದಲಿಸಿದವರ ಪಾಡು ಇನ್ನೂ ಕಷ್ಟ. ಹಳೆಯ ಕಾಲೇಜಿನ ಕ್ರೆಡಿಟ್ಟುಗಳಲ್ಲಿ ಕೆಲವನ್ನು ಹೊಸ ಕಾಲೇಜು ಒಪ್ಪುವುದೇ ಇಲ್ಲ. ದುಡ್ಡು ಕೊಟ್ಟು ಓದಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಓದಬೇಕು.

ಇಂಗ್ಲೆಂಡನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿ ಪದವಿ ಮೂರೇ ವರ್ಷ. ಇತಿಹಾಸ ಅಂದರೆ ಇತಿಹಾಸ, ಭೌತಶಾಸ್ತ್ರ ಅಂದರೆ ಭೌತಶಾಸ್ತ್ರ. ಅಮೆರಿಕದ ಥರ ಸಾಮಾನ್ಯ ಶಿಕ್ಷಣದ ಗೊಡವೆ ಇಲ್ಲ. ಹಾಗಾದರೆ ಸಾಲ ಕಡಿಮೆ ಇರಬೇಕು, ಅಲ್ವಾ? ಪದವಿ ಮುಗಿಸುವ ಹೊತ್ತಿಗೆ ಇಂಗ್ಲೆಂಡಿನ ಸರಾಸರಿ ವಿದ್ಯಾರ್ಥಿಯ ಸಾಲ ಅಮೆರಿಕದವರಿಗಿಂತ ಜಾಸ್ತಿ! ಕಾರಣ, 2012ರಲ್ಲಿ ಅಲ್ಲಿಯ ಶುಲ್ಕದ ಮಿತಿಯನ್ನು ವರ್ಷಕ್ಕೆ ಮೂರು ಸಾವಿರ ಚಿಲ್ಲರೆ ಪೌಂಡಿನಿಂದ ಒಮ್ಮೆಲೇ 9,000ಕ್ಕೆ ಏರಿಸಿದರು. ಪಕ್ಕದ ಸ್ಕಾಟ್ಲೆಂಡಿನಲ್ಲಿ ಪದವಿ ನಾಲ್ಕು ವರ್ಷ, ಮೊದಲೆರಡು ವರ್ಷ ಬೇರೆ ಬೇರೆ ವಿಷಯಗಳನ್ನು ಓದಬಹುದು. ಆದರೂ ಸ್ಥಳೀಯ ವಿದ್ಯಾರ್ಥಿಗಳ ಸಾಲ ಇಂಗ್ಲೆಂಡಿಗಿಂತ ಬಹಳ ಕಡಿಮೆ, ಏಕೆಂದರೆ ಅವರ ಬೋಧನಾ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ವಿಷಯ ಜಾಸ್ತಿ, ಸಾಲ ಕಡಿಮೆ. ಇದನ್ನು ನೋಡಿದ ಮೇಲೆ ಎಲೆಕ್ಟಿವ್‌ಗಳನ್ನೇ ದೂರುವವರ ಮಾತು ನನಗೆ ಸರಿಕಾಣುವುದಿಲ್ಲ.

ಈಗ ನಮ್ಮ ಮಂಡ್ಯಕ್ಕೆ ಬರೋಣ. ಸಾಲಕ್ಕೆ ಬರುವಾಗ ನೀವು ಕಾಲೇಜಿನಿಂದ ಫೀ ಸ್ಟ್ರಕ್ಚರ್ ಅಂತ ಒಂದು ಹಾಳೆ ತರುತ್ತೀರಿ. ಲೆಟರ್‌ಹೆಡ್ಡು, ಕೆಳಗೆ ಸೀಲು. ಒಂದೊಂದು ವರ್ಷಕ್ಕೆ ಒಂದೊಂದು ಕಾಲಂ. ಸಾಲುಗಳಲ್ಲಿ ಬೋಧನಾ ಶುಲ್ಕ, ಲ್ಯಾಬು, ಲೈಬ್ರರಿ, ಪರೀಕ್ಷೆ, ಹಾಸ್ಟೆಲ್ಲು, ಪುಸ್ತಕ, ಲ್ಯಾಪ್‌ಟಾಪು. ಕೆಲವರದ್ದರಲ್ಲಿ “ಇತರೆ” ಅಂತ ಒಂದು ಸಾಲು ಇರುತ್ತದೆ, ಅದು ಎಲ್ಲಕ್ಕಿಂತ ದಪ್ಪ ಇದ್ದರೆ ಕಾಲೇಜಿಗೆ ಹೋಗಿ ಕೇಳಿ, ನಾಚಿಕೊಳ್ಳಬೇಡಿ. ಆ ಹಾಳೆಯಲ್ಲಿ ಕನ್ನಡಕ್ಕೆ ಇಷ್ಟು, ಸಂವಿಧಾನಕ್ಕೆ ಇಷ್ಟು ಅಂತ ಒಂದು ಸಾಲನ್ನೂ ನಾನು ಕಂಡಿಲ್ಲ. ನಮ್ಮದು ಫುಲ್ ಮೀಲ್ಸ್ ಟೋಕನ್ ಇದ್ದ ಹಾಗೆ. ಪಲ್ಯ ಬೇಡ ಅಂದರೆ ದುಡ್ಡು ವಾಪಸ್ ಕೊಡುವುದಿಲ್ಲ. ಅಮೆರಿಕದಲ್ಲಿ ಎಷ್ಟೋ ಕಡೆ ಕ್ರೆಡಿಟ್ ಲೆಕ್ಕದಲ್ಲಿ ಬಿಲ್ಲು ಹಾಕುತ್ತಾರೆ. ಅಲ್ಲೂ ಹಲವು ವಿಶ್ವವಿದ್ಯಾಲಯಗಳಲ್ಲಿ 12 ಕ್ರೆಡಿಟ್ ಮೇಲ್ಪಟ್ಟರೆ ಒಂದು ಮಿತಿಯವರೆಗೆ ಒಂದೇ ದರ ಇರುವುದುಂಟು.

ನಮ್ಮಲ್ಲಿ ಎಂಜಿನಿಯರಿಂಗಿಗೆ ಒಟ್ಟು 160 ಕ್ರೆಡಿಟ್. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಸ್ಕೀಮಿನಲ್ಲಿ ಕನ್ನಡಕ್ಕೆ ಒಂದು, ಸಂವಿಧಾನಕ್ಕೆ ಒಂದು ಕ್ರೆಡಿಟ್. ಇವೆರಡನ್ನೂ ನಾಳೆಯೇ ಕಿತ್ತುಹಾಕಿದರೂ ನಿಮ್ಮ ಫೀಸಿನಲ್ಲಿ ಒಂದು ರೂಪಾಯಿ ಇಳಿಯುವುದಿಲ್ಲ. ಕೋರ್ಸು ನಾಲ್ಕು ವರ್ಷದ್ದೇ, ಫೀಸು ವರ್ಷದ ಲೆಕ್ಕದ್ದೇ. ನನ್ನನ್ನು ಕೇಳಿದರೆ, ಬ್ಯಾಂಕಿನ ಕರಾರುಪತ್ರ ಓದಿ ಅರ್ಥಮಾಡಿಕೊಳ್ಳಲು ಬಾರದ ಎಂಜಿನಿಯರುಗಳನ್ನು ನೋಡಿದ ಮೇಲೆ, ಭಾಷೆಗೆ ಇನ್ನೂ ಒಂದು ಕ್ರೆಡಿಟ್ ಇರಲಿ ಅನ್ನಿಸುತ್ತದೆ. ಅದು ಹಾಗಿರಲಿ.

ನಮ್ಮಲ್ಲಿ ಸಾಲ ಬೆಳೆಸುವುದು ವರ್ಷ. ಲೆಕ್ಕ ಬರೆದುಕೊಳ್ಳಿ. ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷಕ್ಕೆ 6 ಲಕ್ಷ ಸಾಲ. ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳೋಣ. ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ವರ್ಷದ ದುಡ್ಡಿಗೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಕೂಡಿದರೆ 2 ಲಕ್ಷ 10 ಸಾವಿರ. ಕಂತು ಶುರುವಾಗುವ ದಿನ ನಿಮ್ಮ ಹುಡುಗನ ಸಾಲ 8 ಲಕ್ಷ 10 ಸಾವಿರ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 10,700 ರೂಪಾಯಿ.

ಈಗ ಇಯರ್ ಬ್ಯಾಕ್ ಆಯಿತು, ಅಂದರೆ ಫೇಲಾಗಿ ಒಂದು ವರ್ಷ ಹಿಂದೆ ಉಳಿದ ಅನ್ನಿ. ಬಡ್ಡಿಯೇ 60 ಸಾವಿರ ಏರಿತು. ಜೊತೆಗೆ ಇನ್ನೊಂದು ವರ್ಷದ ಪಿಜಿ ಬಾಡಿಗೆ, ಊಟ, ಪರೀಕ್ಷಾ ಶುಲ್ಕ. ತಿಂಗಳಿಗೆ 20 ಸಾವಿರದ ಕೆಲಸ ಸಿಗುವುದಿತ್ತು ಅಂದುಕೊಂಡರೂ 2 ಲಕ್ಷ 40 ಸಾವಿರ ಸಂಬಳ ಹೋಯಿತು. ನಾನು ಕಂಡ ಫೈಲುಗಳಲ್ಲಿ ಹುಡುಗರು ಉಳಿದುಕೊಂಡದ್ದು ಕನ್ನಡದಲ್ಲಿ ಅಲ್ಲ, ಸಂವಿಧಾನದಲ್ಲಿ ಅಲ್ಲ. ಹೆಚ್ಚಿನವರು ಎಂ-1, ಎಂ-2 ಅಂತ ಕರೆಯುತ್ತೀರಲ್ಲ, ಆ ಗಣಿತದಲ್ಲಿ. ಅದನ್ನು ಬೇಡದ ಸಬ್ಜೆಕ್ಟು ಅಂತ ಯಾರೂ ಅನ್ನುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಗಣಿತಕ್ಕೆ ಒಂದಿಷ್ಟು ದುಡ್ಡು ಕೊಟ್ಟು ಪಾಠ ಹೇಳಿಸಿದ್ದರೆ ಆ ಮನೆಗಳಿಗೆ ಎಷ್ಟೋ ಉಳಿಯುತ್ತಿತ್ತು.

ಬಿ.ಎ, ಬಿ.ಎಸ್‌ಸಿ, ಬಿ.ಕಾಂ ಮಕ್ಕಳಿಗೆ ಬೇರೆ ಕಥೆ. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ಜಾರಿಗೆ ತಂದಿತು. ನಾಲ್ಕು ವರ್ಷದ ಆನರ್ಸ್ ಬಂತು, ಓಪನ್ ಎಲೆಕ್ಟಿವ್ ಬಂತು. 2024-25ರಿಂದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ಆಧರಿಸಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ನೀತಿಯ ಜಗಳ ನನಗೆ ಬೇಡ. ಸಾಲದ ದೃಷ್ಟಿಯಿಂದ ಮಾತ್ರ ಹೇಳುತ್ತೇನೆ. ನಾಗಮಂಗಲದಿಂದ ಬಂದು ಮೈಸೂರಿನಲ್ಲಿ ರೂಮು ಮಾಡಿ ಓದುವ ಹುಡುಗನಿಗೆ ನಾಲ್ಕನೆಯ ವರ್ಷ ಅಂದರೆ ಕಾಲೇಜಿನ ಫೀಸಲ್ಲ, ರೂಮು ಬಾಡಿಗೆ ಮತ್ತು ಮೆಸ್ಸು. ಓಪನ್ ಎಲೆಕ್ಟಿವ್ ಅಂತ ಪಟ್ಟಿಯಲ್ಲಿ ಹತ್ತಾರು ವಿಷಯ ಇದ್ದರೂ, ಎಷ್ಟೋ ಕಾಲೇಜುಗಳಲ್ಲಿ ಇರುವ ಮೇಷ್ಟರು ಯಾವ ವಿಷಯದವರೋ ಅದನ್ನೇ ಎಲ್ಲರೂ ಆರಿಸಿಕೊಂಡರು. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಅರ್ಧ ಸೆಮಿಸ್ಟರು ಮುಗಿದಿರುತ್ತಿತ್ತು. ಇದರ ಮೇಲೆ ನನಗೆ ಸಿಟ್ಟಿದೆ. ಸಾಲ ಜಾಸ್ತಿ ಆಯಿತು ಅಂತಲ್ಲ, ಕೊಟ್ಟ ವರ್ಷಕ್ಕೆ ಸಿಗಬೇಕಾದ್ದು ಸಿಗಲಿಲ್ಲ ಅಂತ.

ಹೆಣ್ಣುಮಕ್ಕಳ ತಂದೆ-ತಾಯಿಯರಿಗೆ ಒಂದು ಮಾತು. 2023ರ ಜೂನಿನಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಮಂಡ್ಯದಿಂದ ಮೈಸೂರು ಸುಮಾರು 45 ಕಿಲೋಮೀಟರ್. ದಿನಾ ಓಡಾಡುವುದು ಸುಸ್ತೇ, ಒಪ್ಪುತ್ತೇನೆ. ಆದರೂ ಪಿಜಿ ಸೇರಿಸುವ ಮೊದಲು ಒಮ್ಮೆ ಲೆಕ್ಕ ಹಾಕಿ. ಕೆಲವರು ಹಾಸ್ಟೆಲ್ಲಿನ ದುಡ್ಡನ್ನೂ ಸಾಲದಲ್ಲೇ ತೆಗೆದು, ಮಗಳು ಮನೆಯಿಂದಲೇ ಓಡಾಡುವಾಗ ಆ ಹಣ ಇನ್ನೆಲ್ಲೋ ಕರಗಿ ಹೋದದ್ದನ್ನು ನೋಡಿದ್ದೇನೆ.

ಇನ್ನು ಬಡ್ಡಿ. ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಶಿಕ್ಷಣ ಸಾಲ ಯೋಜನೆಯ ಪ್ರಕಾರ, ಓದುವಾಗಲೇ ಬಡ್ಡಿ ಕಟ್ಟುತ್ತಾ ಬಂದವರಿಗೆ ಬ್ಯಾಂಕು ಬಡ್ಡಿಯಲ್ಲಿ ಶೇ. 1ರಷ್ಟು ರಿಯಾಯಿತಿ ಕೊಡಬಹುದು. ನಾವು ಹಾಕಿದ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ ಬಡ್ಡಿ, ಎರಡನೇ ವರ್ಷ 2,500. ಕಬ್ಬಿನ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ ಅಂತ ನೀವು ಹೇಳುತ್ತೀರಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಆದೇಶ ಇದ್ದರೂ ಅದು ಯಾವಾಗ ಬರುತ್ತದೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ತಿಂಗಳಿಗೇ ಕಟ್ಟಬೇಕು ಅಂತಿಲ್ಲ. ಹಣ ಬಂದಾಗ ಒಟ್ಟಿಗೆ ಸಾಲದ ಖಾತೆಗೆ ಹಾಕಿ. ಹಾಕಿದ ಮೇಲೆ ಅದು ಬಡ್ಡಿಗೆ ಜಮೆ ಆಯಿತಾ ಅಂತ ಸ್ಟೇಟ್‌ಮೆಂಟ್ ನೋಡಿ. ಕುಟುಂಬದ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನಕ್ಕೆ ಅರ್ಹತೆ ಇದೆಯಾ ಅಂತಲೂ ಶಾಖೆಯಲ್ಲಿ ಕೇಳಿ. ಆದಾಯ ಪ್ರಮಾಣಪತ್ರ ತಡವಾಗಿ ಕೊಟ್ಟು ಅದನ್ನು ಕಳೆದುಕೊಂಡವರು ತುಂಬಾ ಜನ.

ಎಂ.ಎಸ್ ಮಾಡಲು ಅಮೆರಿಕಕ್ಕೆ ಹೋಗುವ ಆಸೆ ಇರುವವರಿಗೆ ಮಾತ್ರ ಸಬ್ಜೆಕ್ಟಿನ ಲೆಕ್ಕ ನಿಜವಾಗಿ ಮುಖ್ಯ. ಅಲ್ಲಿ ಮಾಸ್ಟರ್ಸ್‌ಗೆ ಹೆಚ್ಚಾಗಿ 30ರಿಂದ 36 ಕ್ರೆಡಿಟ್, ಬಹಳಷ್ಟು ಕಡೆ ಕ್ರೆಡಿಟ್ಟಿಗೆ ಇಷ್ಟು ಅಂತ ದುಡ್ಡು. ಬೇರೆ ವಿಭಾಗದಲ್ಲಿ ಪದವಿ ಮಾಡಿದವರಿಗೆ ಕೆಲವು ಕಡೆ ಮೊದಲು ಪೂರ್ವಸಿದ್ಧತೆಯ ಕೋರ್ಸು ಮಾಡಿ ಅನ್ನುತ್ತಾರೆ. ಅದಕ್ಕೆ ಫೀಸು ಉಂಟು, ಡಿಗ್ರಿಗೆ ಲೆಕ್ಕ ಇಲ್ಲ! ಒಂದು ಕೋರ್ಸಿನಲ್ಲಿ ಫೇಲಾದರೆ ಅದಕ್ಕೂ ಮತ್ತೆ ಬಿಲ್ಲು. ಸಾಲ ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ. 2010ರ ಸುಮಾರಿಗೆ ಡಾಲರಿಗೆ 45 ರೂಪಾಯಿ ಇತ್ತು, 2024ರ ಕೊನೆಗೆ 85 ದಾಟಿತು. ಮನೆಪತ್ರ ಅಡವಿಡುವ ಮುಂಚೆ ಅಡ್ಮಿಷನ್ ಪತ್ರದಲ್ಲಿ ಎಷ್ಟು ಕ್ರೆಡಿಟ್, ಯಾವುದಾದರೂ ಷರತ್ತಿನ ಕೋರ್ಸು ಇದೆಯಾ ಅಂತ ಮಗನ ಹತ್ತಿರ ಓದಿಸಿ ಕೇಳಿ.

ಕೊನೆಯದಾಗಿ ಬ್ಯಾಕ್‌ಲಾಗ್ ಆದವರ, ಅಂದರೆ ಕೆಲವು ಸಬ್ಜೆಕ್ಟು ಪಾಸಾಗದೆ ಬಾಕಿ ಉಳಿಸಿಕೊಂಡವರ ವಿಷಯ. ಅವರು ಬ್ಯಾಂಕಿನ ಕಡೆ ತಲೆ ಹಾಕುವುದಿಲ್ಲ, ಫೋನೂ ಎತ್ತುವುದಿಲ್ಲ. ಕೋರ್ಸು ಮುಗಿದಿದೆ ಅಂತ ಸಿಸ್ಟಮ್ಮಿನಲ್ಲಿ ಕಂತು ಶುರುವಾಗುತ್ತದೆ. ಕಟ್ಟದೆ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಸುಸ್ತಿ ಸಾಲ. ಆಮೇಲೆ ಸಿಬಿಲ್ ಸ್ಕೋರು, ಅಂದರೆ ಸಾಲ ಸರಿಯಾಗಿ ತೀರಿಸುತ್ತಾರಾ ಅಂತ ತೋರಿಸುವ ಅಂಕ, ಬಿದ್ದು, ಸಹಿ ಹಾಕಿದ ಅಪ್ಪನಿಗೆ ಬೆಳೆ ಸಾಲವೂ ಕಷ್ಟ. ಆದರೆ ನಿಗದಿತ ಸಮಯದಲ್ಲಿ ಕೋರ್ಸು ಮುಗಿಯದಿದ್ದರೆ ಗರಿಷ್ಠ ಎರಡು ವರ್ಷದವರೆಗೆ ಅವಧಿ ವಿಸ್ತರಿಸಲು ಮಾದರಿ ಯೋಜನೆಯಲ್ಲೇ ಅವಕಾಶ ಇದೆ. ಕಾಲೇಜಿನಿಂದ ಇಂಥ ಸೆಮಿಸ್ಟರಿನಲ್ಲಿ ಇಷ್ಟು ವಿಷಯ ಬಾಕಿ ಇದೆ ಅಂತ ಪತ್ರ ಬರೆಸಿ, ಅಂಕಪಟ್ಟಿಯ ಪ್ರತಿ ಇಟ್ಟು, ಶಾಖಾ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ. ಕಂತು ಶುರುವಾಗುವ ಮೊದಲೇ ಹೋಗಬೇಕು, ಎನ್‌ಪಿಎ ಆದಮೇಲೆ ಹೋದರೆ ವ್ಯವಸ್ಥಾಪಕರ ಕೈಯೂ ಕಟ್ಟಿಹೋಗಿರುತ್ತದೆ.