ಕರಿಕಲ್ಲಿನ ಕೆಳಗೆ ಏನಿದೆ? ಗುರುತ್ವ ಮತ್ತು ಕಾಂತ ಸಮೀಕ್ಷೆ ಹೇಳುವುದೆಷ್ಟು, ಹೇಳದಿರುವುದೆಷ್ಟು

[ದೃಶ್ಯ: ಬಾದಾಮಿಯ ಕೆಂಪು ಬಂಡೆ, ಅದರ ಬೆನ್ನಿಗೇ ಗೋಲಗುಮ್ಮಟದ ಕಪ್ಪು ಗೋಡೆ]

ನಿರೂಪಣೆ:

ಬಾದಾಮಿಯ ಗುಹೆಗಳನ್ನು ಕೊರೆದದ್ದು ಕೆಂಪು ಮರಳುಗಲ್ಲಿನಲ್ಲಿ. ಗೋಲಗುಮ್ಮಟವನ್ನು ಕಟ್ಟಿದ್ದು ಕಪ್ಪು ಬಸಾಲ್ಟಿನಿಂದ. ಇಳಕಲ್ಲಿನ ಕ್ವಾರಿಗಳಿಂದ ಲಾರಿ ಏರುವುದು ಗುಲಾಬಿ ಗ್ರಾನೈಟ್. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಮೂರು ಬೇರೆ ಬೇರೆ ಕಾಲದ ಕಲ್ಲುಗಳಿವೆ. ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು, ಬಸಾಲ್ಟಿಗೆ ಸುಮಾರು 6.6 ಕೋಟಿ ವರ್ಷ, ಮರಳುಗಲ್ಲು ಇವೆರಡರ ನಡುವಿನದು.

ಇವು ಅಕ್ಕಪಕ್ಕದಲ್ಲಿ ಕಾಣುತ್ತವೆ ನಿಜ, ಆದರೆ ಇರುವುದು ಒಂದರ ಮೇಲೊಂದು. ತಳದಲ್ಲಿ ಗ್ರಾನೈಟ್, ಅದನ್ನು ಹೋಲುವ ಪಟ್ಟೆಪಟ್ಟೆಯ ನೈಸ್ ಮತ್ತು ಹುನಗುಂದದ ಕಡೆ ಕಾಣುವ ಕಬ್ಬಿಣದ ಪಟ್ಟೆಗಳ ಶಿಸ್ಟ್ ಶಿಲೆ. ಅದರ ಮೇಲೆ ಕಲಾದಗಿ ಕೊಳದ, ಅಂದರೆ ಹಿಂದೆ ಹೂಳು ತುಂಬಿಕೊಂಡ ವಿಶಾಲ ತಗ್ಗಿನ, ಪದರುಶಿಲೆಗಳು: ಲೋಕಾಪುರದ ಸುಣ್ಣಕಲ್ಲು ಮತ್ತು ಡಾಲಮೈಟ್, ಸವದತ್ತಿಯ ಕ್ವಾರ್ಟ್ಸೈಟ್, ಬಾದಾಮಿಯ ಮರಳುಗಲ್ಲು. ಎಲ್ಲಕ್ಕೂ ಮೇಲೆ, ಉತ್ತರ ಮತ್ತು ಪಶ್ಚಿಮದ ಕಡೆ, ದಖ್ಖನ್ನಿನ ಲಾವಾ ಹಾಸು.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ 1876ರಲ್ಲಿ ವರದಿ ಪ್ರಕಟಿಸಿದರು. ಆಗ ಕಲಾದಗಿಯೇ ಜಿಲ್ಲಾ ಕೇಂದ್ರ. ಇವತ್ತು ದಾಳಿಂಬೆ ಚಿಕ್ಕುಗಳಿಗೆ ಹೆಸರಾದ ಆ ಊರು ಭೂವಿಜ್ಞಾನದ ಪುಸ್ತಕಗಳಲ್ಲಿ ಶಾಶ್ವತವಾಗಿ ಉಳಿದದ್ದು ಹೀಗೆ. ಫೂಟ್ ಕಣ್ಣಿಗೆ ಕಂಡ ಕಲ್ಲನ್ನು ಬರೆದುಕೊಂಡರು. ಎರೆ ಭೂಮಿಯ ಕೆಳಗಿನ ಬಸಾಲ್ಟ್, ಆ ಬಸಾಲ್ಟಿನ ಕೆಳಗೆ ಮತ್ತೇನು? ಇದು ಕಣ್ಣಿನಿಂದ ಬಗೆಹರಿಯುವ ಪ್ರಶ್ನೆಯಲ್ಲ. ಕಲಾದಗಿಯ ಪದರುಗಳು ಬೆಳಗಾವಿಯ ಪಶ್ಚಿಮಕ್ಕೆ ಲಾವಾದಡಿ ಮರೆಯಾಗಿ, ಘಟ್ಟದ ಆಚೆ ಸಿಂಧುದುರ್ಗದಲ್ಲಿ ಮತ್ತೆ ತಲೆ ಎತ್ತುತ್ತವೆ. ನಡುವಿನ ಜಾಗದಲ್ಲಿ ಅವು ಒಂದೇ ಸಮನೆ ಹರಡಿವೆಯೋ, ಅಲ್ಲಲ್ಲಿ ತುಂಡಾಗಿವೆಯೋ?

[ದೃಶ್ಯ: ಮೂರು ಕಾಲಿನ ತಟ್ಟೆಯ ಮೇಲೆ ಇಟ್ಟ ಗ್ರ್ಯಾವಿಮೀಟರ್, ಮಟ್ಟ ಸರಿಪಡಿಸುತ್ತಿರುವ ಕೈ]

ಮೊದಲು ಗುರುತ್ವ. ಭಾರವಾದ ಕಲ್ಲು ಸ್ವಲ್ಪ ಹೆಚ್ಚು ಎಳೆಯುತ್ತದೆ, ಹಗುರವಾದದ್ದು ಸ್ವಲ್ಪ ಕಡಿಮೆ. ಗ್ರಾನೈಟ್, ನೈಸ್ ಘನ ಸೆಂಟಿಮೀಟರಿಗೆ ಸುಮಾರು 2.67 ಗ್ರಾಂ ತೂಗುತ್ತವೆ. ಗಟ್ಟಿ ಬಸಾಲ್ಟ್ 2.8ರಿಂದ 2.9, ಗುಳ್ಳೆ ತುಂಬಿದ ಬಸಾಲ್ಟ್ ಅದಕ್ಕಿಂತ ಹಗುರ. ಮರಳುಗಲ್ಲು ಹಲವೆಡೆ 2.5ರ ಆಸುಪಾಸು. ಇಡೀ ಕಥೆ ನಿಂತಿರುವುದು ಈ ಸಣ್ಣ ವ್ಯತ್ಯಾಸಗಳ ಮೇಲೆ.

ಗುರುತ್ವವನ್ನು ಅಳೆಯುವ ಮಾನ ಮಿಲಿಗ್ಯಾಲ್. ಗೆಲಿಲಿಯೊ ಹೆಸರಿನ ತುಣುಕು ಅದರಲ್ಲಿದೆ. ನಮ್ಮ ಸೀಮೆಯಲ್ಲಿ ಭೂಮಿಯ ಒಟ್ಟು ಸೆಳೆತ 9,78,000 ಮಿಲಿಗ್ಯಾಲಿಗಿಂತ ಸ್ವಲ್ಪ ಹೆಚ್ಚು. ನೈಸ್ ಮೇಲೆ 200 ಮೀಟರ್ ದಪ್ಪದ ಬಸಾಲ್ಟ್ ಕುಳಿತಿದ್ದರೆ, ಅಷ್ಟೇ ದಪ್ಪದ ನೈಸಿಗೆ ಹೋಲಿಸಿದಾಗ ಅದು ಕೂಡಿಸುವುದು ಸುಮಾರು ಒಂದೂವರೆ ಮಿಲಿಗ್ಯಾಲ್. ಆರೂವರೆ ಲಕ್ಷದಲ್ಲಿ ಒಂದು ಪಾಲು! ಹೀಗಾಗಿ ಇದನ್ನು ಅಳೆಯುವ ಗ್ರ್ಯಾವಿಮೀಟರ್ ಯಂತ್ರದೊಳಗಿನ ಸ್ಪ್ರಿಂಗ್ ಎಷ್ಟು ಸೂಕ್ಷ್ಮವೋ ಅಷ್ಟೇ ಸಿಡುಕು ಸ್ವಭಾವದ್ದು. ಲಾರಿ ಹೋದರೆ ನಡುಗುತ್ತದೆ, ಗಾಳಿಗೆ ಅಲುಗುತ್ತದೆ, ಹೊತ್ತು ಹೋದಂತೆ ತಾನಾಗಿಯೇ ಸರಿಯುತ್ತದೆ. ಕೆಲವು ಗಂಟೆಗಳಿಗೊಮ್ಮೆ ಮೊದಲ ಜಾಗಕ್ಕೆ ಮರಳಿ ಮತ್ತೊಮ್ಮೆ ಅಳೆದು, ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಬೇಕು. ಚಂದ್ರ ಸೂರ್ಯರ ಎಳೆತವೂ ಒಂದೇ ದಿನದಲ್ಲಿ 0.2–0.3 ಮಿಲಿಗ್ಯಾಲ್ ಏರಿಳಿಸುತ್ತದೆ; ಅದನ್ನೂ ಕಳೆಯಬೇಕು.

ನನ್ನ ಪ್ರಕಾರ ಈ ಕೆಲಸದಲ್ಲಿ ಯಂತ್ರಕ್ಕಿಂತ ದೊಡ್ಡ ತಲೆನೋವು ಎತ್ತರ. ಒಂದು ಮೀಟರ್ ಮೇಲಕ್ಕೆ ಹೋದರೆ ಭೂಮಿಯ ಕೇಂದ್ರದಿಂದ ದೂರವಾದ ಕಾರಣ ಗುರುತ್ವ 0.3086 ಮಿಲಿಗ್ಯಾಲ್ ಇಳಿಯುತ್ತದೆ. ಆ ಒಂದು ಮೀಟರಿನಲ್ಲಿ ತುಂಬಿರುವ ಕಲ್ಲು ಸುಮಾರು 0.11ರಷ್ಟನ್ನು ಮರಳಿ ಕೊಡುತ್ತದೆ. ಈ ಎರಡನೆಯ ಲೆಕ್ಕಕ್ಕೆ ಫ್ರೆಂಚ್ ವಿಜ್ಞಾನಿ ಪಿಯೆರ್ ಬೂಗೆ ಅವರ ಹೆಸರಿದೆ. ಎಲ್ಲ ತಿದ್ದುಪಡಿಗಳೂ ಮುಗಿದ ಮೇಲೆ ಉಳಿಯುವುದಕ್ಕೆ ಬೂಗೆ ವೈಪರೀತ್ಯ ಎನ್ನುತ್ತಾರೆ. ಎತ್ತರವನ್ನು ಒಂದು ಮೀಟರ್ ತಪ್ಪಾಗಿ ಬರೆದರೆ 0.2 ಮಿಲಿಗ್ಯಾಲ್ ತಪ್ಪು. ಕಾಗದದ ಮೇಲೆ ಅದೂ ಒಂದು ‘ಹುದುಗಿದ ರಚನೆ’ಯಂತೆಯೇ ಕಾಣುತ್ತದೆ. ಸಮೀಕ್ಷಾ ತಂಡಗಳು ಸೆಂಟಿಮೀಟರುಗಳ ಲೆಕ್ಕದಲ್ಲಿ ಎತ್ತರ ಹೇಳುವ ಜಿಪಿಎಸ್ ಹೊತ್ತು ತಿರುಗುವುದು ಈ ಕಾರಣಕ್ಕೆ. ಗೋಕಾಕದ ಕಂದರ, ನವಿಲುತೀರ್ಥದ ಇಕ್ಕಟ್ಟಿನಂತಹ ಕಡೆ ಪಕ್ಕದ ಗುಡ್ಡದ ಎಳೆತವನ್ನು ಬೇರೆ ಲೆಕ್ಕ ಹಾಕಬೇಕು.

[ದೃಶ್ಯ: ಪರದೆಯ ಮೇಲೆ ಬಟ್ಟಲಿನಂತೆ ತಗ್ಗಿದ ಒಂದು ಗೆರೆ, ಅದರ ಕೆಳಗೆ ಮೂರು ಬೇರೆ ಬೇರೆ ಆಕಾರಗಳು]

ಇಷ್ಟೆಲ್ಲ ಮಾಡಿದ ಮೇಲೆ ನಕ್ಷೆಯಲ್ಲಿ ಒಂದು ತಗ್ಗು ಕಾಣುತ್ತದೆ. ಅಂದರೆ ಕೆಳಗೆ ಹಗುರವಾದದ್ದು ಏನೋ ಇದೆ. ಏನು? ಬಾಯಿ ಹೊಲಿದ ಚೀಲವನ್ನು ತೂಗಿ, ಒಳಗಿರುವುದು ಜೋಳವೋ ಕಡಲೆಯೋ ಹೇಳಿ ಎಂದರೆ ಹೇಗೋ ಇದೂ ಹಾಗೆ. ಮೇಲ್ಭಾಗದಲ್ಲಿ ಅಗಲವಾಗಿ ಹರಡಿದ ತೆಳು ಪದರು, ಆಳದಲ್ಲಿ ಕುಳಿತ ದಪ್ಪ ಗಡ್ಡೆ, ಎರಡೂ ಒಂದೇ ಗೆರೆಯನ್ನು ಬರೆಯಬಲ್ಲವು. ಇದು ಯಂತ್ರದ ದೋಷವಲ್ಲ, ಗಣಿತದ ಸ್ವಭಾವ. ಎಷ್ಟು ದುಬಾರಿ ಯಂತ್ರ ತಂದರೂ ಈ ಗೊಂದಲ ಕರಗುವುದಿಲ್ಲ.

ನಮ್ಮ ನೆರೆಯಲ್ಲೇ ಇದಕ್ಕೊಂದು ಉದಾಹರಣೆ ಇದೆ. 1973ರಲ್ಲಿ ಕೃಷ್ಣಬ್ರಹ್ಮಂ ಮತ್ತು ನೇಗಿ ಎಂಬ ವಿಜ್ಞಾನಿಗಳು ಗುರುತ್ವದ ಉದ್ದನೆಯ ತಗ್ಗುಗಳನ್ನು ಗಮನಿಸಿ, ದಖ್ಖನ್ ಲಾವಾದ ಕೆಳಗೆ ಎರಡು ಬಿರುಕು ಕಣಿವೆಗಳು ಹುದುಗಿವೆ ಎಂದರು: ಒಂದು ಕೊಯ್ನಾ ಕಡೆ, ಇನ್ನೊಂದು ಸೊಲ್ಲಾಪುರ ಜಿಲ್ಲೆಯ ಕುರ್ಡುವಾಡಿ ಕಡೆ. ಕುಸಿದ ಕಣಿವೆಯಲ್ಲಿ ಹಗುರವಾದ ಪದರುಶಿಲೆ ತುಂಬಿರಬೇಕೆಂಬ ಊಹೆ ಗೆರೆಗೆ ಚೆನ್ನಾಗಿಯೇ ಹೊಂದುತ್ತಿತ್ತು. 1993ರ ಭೂಕಂಪದ ನಂತರ, ಕುರ್ಡುವಾಡಿಯ ಪೂರ್ವಕ್ಕಿರುವ ಕಿಲ್ಲಾರಿಯಲ್ಲಿ ಬಾವಿ ಕೊರೆದರು. 338 ಮೀಟರ್ ಬಸಾಲ್ಟ್, ಅದರಡಿ ಕೇವಲ 8 ಮೀಟರ್ ಪದರುಶಿಲೆ, ಅಲ್ಲಿಂದ ಕೆಳಗೆ ಹಳೆಯ ತಳಶಿಲೆ. ಕೊಯ್ನಾದಲ್ಲಿ ಕೊರೆದಾಗ ಸುಮಾರು 930 ಮೀಟರ್ ಬಸಾಲ್ಟ್ ದಾಟಿದೊಡನೆ ನೇರವಾಗಿ ಗ್ರಾನೈಟ್–ನೈಸ್. ದಪ್ಪ ಪದರುಶಿಲೆಯ ಸುಳಿವಿಲ್ಲ. ತಗ್ಗು ಸುಳ್ಳಲ್ಲ, ಅದು ಇಂದಿಗೂ ನಕ್ಷೆಯಲ್ಲಿದೆ. ಅದಕ್ಕೆ ಕಾರಣವನ್ನು ತಳಶಿಲೆಯೊಳಗೇ, ಇನ್ನೂ ಆಳದಲ್ಲಿ ಹುಡುಕಬೇಕಾಯಿತು. ಹಾಗೆಂದು ಮೊದಲು ಊಹಿಸಿದವರನ್ನು ನಗುವಂತಿಲ್ಲ; ಎಲ್ಲಿ ಕೊರೆಯಬೇಕು, ಯಾವ ಪ್ರಶ್ನೆ ಕೇಳಬೇಕು ಎಂಬುದನ್ನು ಆ ಗೆರೆಗಳೂ ತೋರಿಸಿಕೊಟ್ಟವು.

[ದೃಶ್ಯ: ಕೋಲಿನ ತುದಿಗೆ ಸಂವೇದಕ ಕಟ್ಟಿಕೊಂಡು ಹೊಲದ ಬದುವಿನಲ್ಲಿ ನಡೆಯುತ್ತಿರುವ ವ್ಯಕ್ತಿ]

ಈಗ ಕಾಂತ ಸಮೀಕ್ಷೆ. ಇಲ್ಲಿ ತೂಕಕ್ಕೆ ಬೆಲೆ ಇಲ್ಲ. ಮ್ಯಾಗ್ನಟೈಟ್ ಎಂಬ ಖನಿಜ ಎಷ್ಟಿದೆ ಎನ್ನುವುದೇ ಮುಖ್ಯ. ಪ್ರೋಟಾನ್ ಮ್ಯಾಗ್ನಟೋಮೀಟರಿನಲ್ಲಿ ಸೀಮೆಎಣ್ಣೆಯಂತಹ, ಹೈಡ್ರೋಜನ್ ಹೇರಳವಾಗಿರುವ ದ್ರವವಿರುತ್ತದೆ. ಅದರ ಪ್ರೋಟಾನುಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಬುಗುರಿಯಂತೆ ತೂಗಾಡುತ್ತವೆ. ನಮ್ಮ ಕಡೆ ಸೆಕೆಂಡಿಗೆ 1,700ರಿಂದ 1,800 ಬಾರಿ. ಆ ವೇಗವನ್ನು ಎಣಿಸಿದರೆ ಕ್ಷೇತ್ರದ ಬಲ ಸಿಕ್ಕಿತು: 40 ಸಾವಿರ ನ್ಯಾನೊಟೆಸ್ಲಾಕ್ಕಿಂತ ಸ್ವಲ್ಪ ಹೆಚ್ಚು. ನ್ಯಾನೊಟೆಸ್ಲಾ ಎಂದರೆ ಕಾಂತಕ್ಷೇತ್ರ ಅಳೆಯುವ ಮಾನ.

ಹೊತ್ತವರ ಜೇಬಿನಲ್ಲಿ ಮೊಬೈಲ್, ಕೀಲಿಕೈ, ಸೊಂಟದಲ್ಲಿ ಬಕಲ್ ಇರಬಾರದು. ವಿದ್ಯುತ್ ತಂತಿ, ಕೊಳವೆ ಬಾವಿಯ ಕಬ್ಬಿಣದ ಕೇಸಿಂಗ್ ಇವುಗಳಿಂದ ದೂರ ಸರಿಯಬೇಕು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿಯ ರಸ್ತೆಯಂಚಿನಲ್ಲಿ ಅಳೆಯುವವರ ತಾಳ್ಮೆಗೆ ನಮಸ್ಕಾರ: ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಮುಂಬೈಗೆ ವಿದ್ಯುತ್ ಟ್ರಾಮ್ ಬರುವುದೆಂದಾಗ ಕೊಲಾಬಾದ ಕಾಂತ ವೀಕ್ಷಣಾಲಯವನ್ನೇ ಅಲಿಬಾಗಿಗೆ ಸಾಗಿಸಬೇಕಾಯಿತು. 1904ರಿಂದ ಅಲ್ಲಿ ದಾಖಲೆ ನಡೆಯುತ್ತಿದೆ.

ಎರಡೂ ಉಪಕರಣಗಳ ನಿಜವಾದ ಪರೀಕ್ಷೆ ಕೃಷ್ಣೆಯ ಎರಡು ಬದಿಗಳಲ್ಲಿ. ದಕ್ಷಿಣದಲ್ಲಿ, ಬಾದಾಮಿ ಬಾಗಲಕೋಟೆಯ ಸುತ್ತ, ಮರಳುಗಲ್ಲು ಸುಣ್ಣಕಲ್ಲುಗಳಿಗೆ ಕಾಂತಗುಣ ಇಲ್ಲವೆನ್ನುವಷ್ಟು ಕಡಿಮೆ. ಮ್ಯಾಗ್ನಟೋಮೀಟರಿಗೆ ಅವು ಇದ್ದೂ ಇಲ್ಲದಂತೆ. ಹುನಗುಂದದ ಕಡೆಯ ಕಬ್ಬಿಣದ ಪಟ್ಟೆ ಅಥವಾ ಡಾಲರೈಟ್ ಗೋಡೆಯೊಂದು (ಬಿರುಕಿಗೆ ನುಗ್ಗಿದ ಶಿಲಾರಸ ಗಟ್ಟಿಯಾಗಿ ಆದ ಕಪ್ಪು ಕಲ್ಲು) ಅವುಗಳ ಕೆಳಗೆ ನುಸುಳಿದ್ದರೆ, ಅದರ ಜಾಡು ಮೇಲಿಂದಲೇ ಹಿಡಿಯಬಹುದು. ಜಾಡು ಚೂಪಾಗಿದ್ದಷ್ಟೂ ವಸ್ತು ಮೇಲೆ. ಮೊಂಡಾಗುತ್ತ ಅಗಲವಾದಂತೆ ಆಳಕ್ಕೆ ಇಳಿದಿರುವ ಸಾಧ್ಯತೆ ಹೆಚ್ಚು.

ಉತ್ತರಕ್ಕೆ, ವಿಜಯಪುರದ ಕಡೆ, ಆಟ ತಲೆಕೆಳಗು. ಬಸಾಲ್ಟಿನಲ್ಲೇ ಮ್ಯಾಗ್ನಟೈಟ್ ಇದೆ. ಜೊತೆಗೆ ಅದು ತಣ್ಣಗಾದ ಕಾಲದ ಕಾಂತದಿಕ್ಕನ್ನೂ ಹಿಡಿದಿಟ್ಟುಕೊಂಡಿದೆ. ಆಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು, ಲಾವಾ ಹರಿದ ಅವಧಿಯಲ್ಲಿ ಭೂಮಿಯ ಕಾಂತಧ್ರುವಗಳೂ ಅದಲು ಬದಲಾದವು. ಹೆಜ್ಜೆ ಹೆಜ್ಜೆಗೂ ಓದುವಿಕೆ ಜಿಗಿಯುತ್ತದೆ. ಮೇಲಿನ ಲಾವಾದ ಗದ್ದಲದಲ್ಲಿ ಕೆಳಗಿನ ತಳಶಿಲೆಯ ದನಿ ಕೇಳುವುದಿಲ್ಲ. ವಿಮಾನದಿಂದ ಅಳೆದು, ಉದ್ದ ಅಲೆಗಳನ್ನು ಮಾತ್ರ ಸೋಸಿ ತೆಗೆದರೆ ಕೊಂಚ ಅನುಕೂಲ. ಉಳಿದಂತೆ ಅಲ್ಲಿ ಗುರುತ್ವವನ್ನೇ ಹೆಚ್ಚು ನಂಬಬೇಕು. ಬಸಾಲ್ಟಿನ ದಪ್ಪ ಯಾವುದಾದರೂ ಬಾವಿಯಿಂದ ಗೊತ್ತಿದ್ದರೆ, ಅದರ ಪಾಲನ್ನು ಕಳೆದು ಕೆಳಗಿನದನ್ನು ಓದಬಹುದು.

ಇನ್ನೊಂದು ತೊಡಕಿದೆ. ನಾವು ಕಾಂತೀಯ ಸಮಭಾಜಕಕ್ಕೆ ಹತ್ತಿರದವರು, ಇಲ್ಲಿ ಕ್ಷೇತ್ರ ನೆಲಕ್ಕೆ ಹೆಚ್ಚುಕಡಿಮೆ ಅಡ್ಡಲಾಗಿ ಸಾಗುತ್ತದೆ. ಹೀಗಾಗಿ ಕಾಂತಶಿಲೆಯ ನೆತ್ತಿಯ ಮೇಲೆ ಏರು ಕಾಣುವ ಬದಲು ತಗ್ಗು ಕಾಣುವುದೇ ಹೆಚ್ಚು. ಯುರೋಪಿನ ನಕ್ಷೆ ಓದಿ ಕಲಿತವರು ಇಲ್ಲಿ ಏರನ್ನೇ ಹುಡುಕಿದರೆ ಪಕ್ಕದ ಹೊಲದಲ್ಲಿ ಕೊರೆಸುತ್ತಾರೆ.

[ದೃಶ್ಯ: ಕೊಳವೆ ಬಾವಿ ಕೊರೆಯುವ ಲಾರಿ]

ಕೊರೆಸುವ ಮಾತು ಬಂತು, ಹೇಳಿಬಿಡುತ್ತೇನೆ. ‘ಕಾಂತ ಯಂತ್ರದಿಂದ ನೀರು ತೋರಿಸುತ್ತೇವೆ’ ಎಂದು ಬರುವವರಿಗೆ ದುಡ್ಡು ಕೊಡುವ ಮೊದಲು ಯೋಚಿಸಿ. ನೀರಿಗೆ ಗಣನೆಗೆ ಸಿಗುವ ಕಾಂತಗುಣವೇ ಇಲ್ಲ. ಇಳಕಲ್ ಕಡೆಯ ಗ್ರಾನೈಟ್ ನೆಲದಲ್ಲಿ ಡಾಲರೈಟ್ ಗೋಡೆ ಎಲ್ಲಿದೆ ಎಂದು ಈ ಯಂತ್ರ ಹೇಳಬಲ್ಲದು. ಆ ಗೋಡೆ ಅಂತರ್ಜಲಕ್ಕೆ ಅಡ್ಡಗಟ್ಟಿದ್ದರೆ ಆ ಮಾಹಿತಿ ಉಪಯುಕ್ತ. ಲಾವಾ ನೆಲದಲ್ಲಿ ನೀರು ನಿಲ್ಲುವುದು ಗುಳ್ಳೆಗಲ್ಲು, ಬಿರುಕು ಮತ್ತು ಎರಡು ಹರಿವುಗಳ ನಡುವಿನ ಸಡಿಲ ಪದರಿನಲ್ಲಿ. ಅದಕ್ಕೆ ವಿದ್ಯುತ್ ರೋಧ ಅಳೆಯುವ ವಿಧಾನವೇ ಹೆಚ್ಚು ಸೂಕ್ತ.

ನಿಮ್ಮ ತಾಲ್ಲೂಕಿನ ನಕ್ಷೆ ನೋಡುವ ಆಸೆ ಇದ್ದರೆ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ‘ಭೂಕೋಶ್’ ಜಾಲತಾಣವಿದೆ. 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರವೂ ತೆರೆದಿದೆ. ಸರ್ವೇಕ್ಷಣೆಯ ನೆಲದ ಮೇಲಿನ ಸಮೀಕ್ಷೆಯಲ್ಲಿ ಸಾಮಾನ್ಯವಾಗಿ ಎರಡೂವರೆ ಚದರ ಕಿಲೋಮೀಟರಿಗೆ ಒಂದು ಅಳತೆ ಬಿಂದು ಇರುತ್ತದೆ. ಅಂದರೆ ನಿಮ್ಮ ನಾಲ್ಕು ಎಕರೆಯ ಹೊಲದ ಗುಟ್ಟು ಅದರಲ್ಲಿ ಸಿಗುವುದಿಲ್ಲ. ಕಿಲೋಮೀಟರುಗಟ್ಟಲೆ ಹರಡಿದ ರಚನೆಗಳು ಸಿಗುತ್ತವೆ. ಮೊದಲು ಬೂಗೆ ನಕ್ಷೆ ತೆರೆಯಿರಿ, ಅದರ ಮೇಲೆ ಕಾಂತ ನಕ್ಷೆ, ಕೊನೆಗೆ ಕಲ್ಲಿನ ನಕ್ಷೆ ಇಡಿ. ಬೂಗೆ, ಕಾಂತ ಎರಡೂ ನಕ್ಷೆಗಳಲ್ಲಿ ಸಮಾನ ಬೆಲೆಯ ಬಿಂದುಗಳನ್ನು ಕೂಡಿಸುವ ಗೆರೆಗಳು ಒಂದೇ ಜಾಗದಲ್ಲಿ ಒತ್ತೊತ್ತಾಗಿ ಬಂದಿದ್ದರೆ ಅಲ್ಲಿ ಬಿರುಕೋ ಶಿಲೆಗಳ ಗಡಿಯೋ ಇರಬಹುದು. ಒಂದೇ ಒಂದು ಬಿಂದುವಿನ ಸುತ್ತ ಮಾತ್ರ ಗೆರೆಗಳು ಉಂಗುರ ಕಟ್ಟಿದ್ದರೆ, ಕೆಳಗಿನ ಕಲ್ಲಿಗಿಂತ ಮೊದಲು ಆ ಬಿಂದುವಿನ ಎತ್ತರದ ಅಳತೆಯನ್ನೇ ಅನುಮಾನಿಸಿ.