ಸುವಾಸನೆ ಬಂದರೆ ಗಾಳಿ ಶುದ್ಧವಾಯಿತೇ?

ಕೇಳುಗರಿಗೆ ನಮಸ್ಕಾರ. ಮೈಸೂರಿನಲ್ಲಿ ಕೂತು ಸುವಾಸನೆಯ ಮೇಲೆ ದೂರು ಹೇಳಲು ಸ್ವಲ್ಪ ಧೈರ್ಯ ಬೇಕು. ನಮ್ಮ ಊದುಬತ್ತಿಗೆ 2005ರಲ್ಲೇ ಜಿಐ, ಅಂದರೆ ಇದು ಈ ಊರಿನದೇ ವಿಶೇಷ ಅನ್ನುವ ಮಾನ್ಯತೆ ಸಿಕ್ಕಿದೆ, ಬತ್ತಿ ಹೊಸೆದೇ ಸಂಸಾರ ತೂಗಿಸಿದ ಹೆಣ್ಣುಮಕ್ಕಳು ಇಲ್ಲಿ ಎಷ್ಟೋ ಜನ. ದೇವರ ಮುಂದೆ ಒಂದು ಕಡ್ಡಿ ಹಚ್ಚಬೇಡಿ ಅಂತ ನಾನು ಹೇಳುತ್ತಿಲ್ಲ. ಕಿಟಕಿ ಮುಚ್ಚಿಕೊಂಡು ಹಚ್ಚಬೇಡಿ, ಅಷ್ಟೇ.

ಕಡ್ಡಿಯಲ್ಲಿ ಇರುವುದಾದರೂ ಏನು? ಬಿದಿರಿನ ಕಡ್ಡಿಗೆ ಇದ್ದಿಲು ಪುಡಿ, ಮರದ ಪುಡಿ, ಜಿಗಟು ಕಲಸಿ ಮೆತ್ತಿ ಒಣಗಿಸುತ್ತಾರೆ. ಆಮೇಲೆ ಸೆಂಟಿನಲ್ಲಿ ಅದ್ದಿ ತೆಗೆಯುತ್ತಾರೆ. ಪೊಟ್ಟಣದ ಮೇಲೆ ಶ್ರೀಗಂಧದ ಚಿತ್ರ ಇದ್ದ ಮಾತ್ರಕ್ಕೆ ಒಳಗೆ ಗಂಧ ಇರಬೇಕು ಅಂತೇನಿಲ್ಲ, ಈಗಿನ ಗಂಧದ ರೇಟು ಗೊತ್ತಲ್ವಾ! ಉರಿದಾಗ ಪರಿಮಳದ ಜೊತೆಗೆ ಸಣ್ಣ ಮಸಿ ಕಣ, ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಫಾರ್ಮಾಲ್ಡಿಹೈಡ್ ಎಲ್ಲವೂ ಬರುತ್ತವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಸೊಳ್ಳೆ ಬತ್ತಿಯದು ಇನ್ನೂ ಜಾಸ್ತಿ. ಮಂಡ್ಯದ ಗದ್ದೆ ಬಯಲಿನವರಿಗೆ ಅದಿಲ್ಲದೆ ನಿದ್ದೆ ಇಲ್ಲ, ನಿಜ, ಆದರೆ ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತದೆ ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಸೊಳ್ಳೆ ಪರದೆ ಕಟ್ಟಿ.

ಹೊಗೆ ಇಲ್ಲದ್ದು ಒಳ್ಳೆಯದು ಅಂತ ರೂಮ್ ಫ್ರೆಶ್ನರ್ ತಂದವರೂ ಇದ್ದಾರೆ. ಅದು ಕೆಟ್ಟ ವಾಸನೆಯನ್ನು ತೆಗೆಯುವುದು ಕಡಿಮೆ, ಮುಚ್ಚಿಹಾಕುವುದೇ ಜಾಸ್ತಿ. ಅದರ ನಿಂಬೆ ವಾಸನೆಯ ಲಿಮೋನೀನ್ ಗಾಳಿಯಲ್ಲಿರುವ ಓಜೋನ್ ಜೊತೆ ಸೇರಿದರೆ ಮತ್ತೆ ಅದೇ ಫಾರ್ಮಾಲ್ಡಿಹೈಡ್. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಸೆಂಟು ಇನ್ನೂ ಬೇಗ ಆವಿಯಾಗುತ್ತದೆ. ಗಾಜು ಇಳಿಸದೆ, ಎಸಿ ಹಾಕಿಕೊಂಡು ಹೊರಟರೆ ಅದೆಲ್ಲ ನಿಮ್ಮ ಮೂಗಿಗೇ ತಾನೆ? ಆಸ್ತಮಾ, ಮೈಗ್ರೇನ್ ಇರುವವರಿಗೆ ಇಷ್ಟೇ ಸಾಕು, ಉಸಿರು ಕಟ್ಟುತ್ತದೆ, ತಲೆ ಸಿಡಿಯುತ್ತದೆ. ಪಕ್ಕದಲ್ಲಿ ಕೂತವರು ‘ಏನಪ್ಪಾ ಇಷ್ಟು ನಾಜೂಕು’ ಅಂತ ನಗುವುದು ಬೇರೆ. ಮೂಗಿನದೂ ಒಂದು ತರಲೆ ಇದೆ. ಸ್ವಲ್ಪ ಹೊತ್ತಿಗೆ ವಾಸನೆಗೆ ಒಗ್ಗಿಹೋಗುತ್ತದೆ, ಏನೂ ಗೊತ್ತಾಗುವುದಿಲ್ಲ, ಆಗ ನಾವು ಇನ್ನೊಂದು ಸಲ ಹೊಡೆಯುತ್ತೇವೆ.

ಬಾಣಂತಿ ಇರುವ ಮನೆಯವರು ಇದನ್ನೊಂದು ಕೇಳಿ. ನುಸಿಗುಳಿಗೆ ಹಾಕಿಟ್ಟ ಹಳೆ ಸೀರೆಯನ್ನು ಟ್ರಂಕಿನಿಂದ ತೆಗೆದು ಹಾಗೇ ಕೂಸಿಗೆ ಸುತ್ತಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಆ ಗುಳಿಗೆಯಲ್ಲಿರುವ ನಾಫ್ತಲೀನ್‌ನ ಆವಿಗೆ ರಕ್ತಕಣ ಒಡೆದು, ಕಾಮಾಲೆ ಏರಿ, ಜೀವಕ್ಕೇ ಕುತ್ತು ಬರಬಹುದು. ಆ ಕೊರತೆ ಇದೆಯೋ ಇಲ್ಲವೋ ಮುಖ ನೋಡಿ ತಿಳಿಯುವುದಿಲ್ಲ. ಗುಳಿಗೆ ಸೋಕದ ಬಟ್ಟೆಯನ್ನೇ ಮೊದಲೇ ಒಗೆದು, ಬಿಸಿಲಿಗೆ ಒಣಗಿಸಿ, ಬೇರೆ ಎತ್ತಿಡಿ.